ದರ ಕೇಳುವುದಕ್ಕೆ ಮುನ್ನ: ರೇಡಿಯೋ ಬಿಡಿಭಾಗಗಳ ತಾಂತ್ರಿಕ ವಿವರಣೆ

ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರಿನಲ್ಲಿ 1935ರ ಸೆಪ್ಟೆಂಬರ್ ತಿಂಗಳಿನಲ್ಲಿ ಒಂದು ಅಪೂರ್ವ ಪ್ರಯೋಗ ನಡೆಯಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಾಸದ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕ ಯಂತ್ರದ ಸಾಮರ್ಥ್ಯ 30 ವ್ಯಾಟ್. ಅಂದಿನ ಒಂದು ಸಾಧಾರಣ ವಿದ್ಯುದ್ದೀಪಕ್ಕೆ ಬೇಕಾಗುತ್ತಿದ್ದ ಶಕ್ತಿಗಿಂತಲೂ ಕಡಿಮೆ. ಬಳಿಕ 250 ವ್ಯಾಟ್ ಸಾಮರ್ಥ್ಯದ ಯಂತ್ರ ಬಂದಿತು. 'ಆಕಾಶವಾಣಿ' ಎಂಬ ಸುಂದರವಾದ ಹೆಸರು ಇಡೀ ದೇಶದ ಬಾನುಲಿಗೆ ದೊರೆತುದು ಈ ಮನೆಯ ಕೇಂದ್ರದಿಂದ ಎಂಬುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿಯಾಗಿದೆ.

ಅಂದು ಒಬ್ಬ ಪ್ರಾಧ್ಯಾಪಕರ ಉತ್ಸಾಹದಿಂದ ಆದ ಕೆಲಸವನ್ನು ಇಂದು ಯಾವುದೇ ವಿದ್ಯಾಸಂಸ್ಥೆ ಕೈಗೊಳ್ಳಲು ಅವಕಾಶವುಂಟು. 2002ರಲ್ಲಿ ಭಾರತ ಸರ್ಕಾರವು ವಿದ್ಯಾಸಂಸ್ಥೆಗಳಿಗೂ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲನ್ನು ತೆರೆಯಿತು. ಅನುಮತಿ ಪತ್ರ, ತರಂಗದ ಹಂಚಿಕೆ ಮೊದಲಾದ ವಿಧಿಗಳನ್ನು ಸರ್ಕಾರದ ಮಾರ್ಗಸೂಚಿಗಳು ತಿಳಿಸುತ್ತವೆ. ಅವು ತಿಳಿಸದ, ಅಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಆಂಟೆನಾ, ಕೇಬಲ್, ಕನೆಕ್ಟರ್, ಫಿಲ್ಟರ್ ಮೊದಲಾದ ಬಿಡಿಭಾಗಗಳಿಗೆ ವ್ಯಾಪಾರಿಗಳಿಂದ ದರಪಟ್ಟಿ ತರಿಸುವುದಕ್ಕೆ ಮುಂಚೆ, ಏನು ಬೇಕೆಂಬುದನ್ನು ಕೊಳ್ಳುವವರೇ ಬರೆದಿಟ್ಟುಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಆಂಗ್ಲರು ಸ್ಪೆಸಿಫಿಕೇಷನ್ ಎನ್ನುವ ಈ ಬರಹವನ್ನು ಇಲ್ಲಿ ತಾಂತ್ರಿಕ ವಿವರಣೆ ಎಂದು ಕರೆಯಲಾಗಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪೈಕಿ ಎಲ್ಲಿಯೋ ಒಂದೆಡೆ ಒಂದು ಶಾಲೆಯು ಇಂತಹ ಕೇಂದ್ರವನ್ನು ಸ್ಥಾಪಿಸಲು ಹೊರಟಿದೆ ಎಂದಿಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಹಣವು ಹಳೆಯ ವಿದ್ಯಾರ್ಥಿಗಳಿಂದಲೂ, ಕಬ್ಬಿನ ಬಿಲ್ಲು ಕೈಗೆ ಬಂದೊಡನೆ ಅದರಲ್ಲೊಂದು ಪಾಲನ್ನು ಮಠದ ಶಾಲೆಗೆಂದು ತೆಗೆದಿಟ್ಟ ರೈತರಿಂದಲೂ ಬಂದಿದೆ. ಶಾಲೆಯವರು ಮೂವರು ವ್ಯಾಪಾರಿಗಳಿಗೆ ಕಾಗದ ಬರೆಯುತ್ತಾರೆ: 'ಎಫ್.ಎಂ. ಆಂಟೆನಾ ಒಂದು, ಕೇಬಲ್ 40 ಮೀಟರ್, ದರ ತಿಳಿಸುವುದು.' ಮೂರು ಉತ್ತರಗಳು ಬರುತ್ತವೆ. ಮೂರರಲ್ಲಿಯೂ ಮೊತ್ತ ಬೇರೆ ಬೇರೆ. ಪದ್ಧತಿಯಂತೆ ಅತ್ಯಂತ ಕಡಿಮೆ ದರದವರಿಗೆ ಆದೇಶ ಹೋಗುತ್ತದೆ. ಲೆಕ್ಕಪತ್ರ ನೋಡುವವರ ದೃಷ್ಟಿಯಲ್ಲಿ ಇದರಲ್ಲಿ ಯಾವ ದೋಷವೂ ಇಲ್ಲ. ದೋಷವಿರುವುದು ಕಾಗದದಲ್ಲಿ. ಮೂವರೂ ಮೂರು ಬೇರೆ ವಸ್ತುಗಳಿಗೆ ದರ ಹೇಳಿದ್ದಾರೆ. ಆ ಮೂರು ಮೊತ್ತಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಿದುದಕ್ಕೆ ಅರ್ಥವೇ ಇಲ್ಲ.

ಕೇಬಲ್ಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ರೇಡಿಯೋ ತರಂಗವು ಕೇಬಲ್ಲಿನಲ್ಲಿ ಸಾಗುವಾಗ ಅದರ ಶಕ್ತಿಯ ಒಂದು ಅಂಶ ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಹೇಳುವುದು ರೂಢಿ. 3 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಅರ್ಧಕ್ಕೆ ಇಳಿಯಿತೆಂದೂ, 10 ಡೆಸಿಬೆಲ್ ಎಂದರೆ ಹತ್ತನೆಯ ಒಂದು ಪಾಲು ಮಾತ್ರ ಉಳಿಯಿತೆಂದೂ ತಿಳಿಯಬೇಕು. ಎಫ್.ಎಂ. ಪ್ರಸಾರ ನಡೆಯುವ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಆರ್‌ಜಿ-58 ಎಂಬ ತೆಳುವಾದ ಕೇಬಲ್ಲಿಗೆ 100 ಮೀಟರಿಗೆ ಸುಮಾರು 16 ಡೆಸಿಬೆಲ್ ನಷ್ಟ. ಅದಕ್ಕಿಂತ ದಪ್ಪನಾದ ಆರ್‌ಜಿ-213ಕ್ಕೆ ಸುಮಾರು ಆರೂವರೆ. ಒಳಗೆ ನೊರೆಯಂತಹ ಅವಾಹಕವನ್ನೂ ಹೊರಗೆ ಸುಕ್ಕುಗಟ್ಟಿದ ತಾಮ್ರದ ಕೊಳವೆಯನ್ನೂ ಹೊಂದಿರುವ ಅರ್ಧ ಅಂಗುಲದ ಕೇಬಲ್ಲಿಗೆ ಎರಡು ಡೆಸಿಬೆಲ್ಲಿಗಿಂತ ತುಸು ಹೆಚ್ಚು. ಪ್ರೇಷಕ ಯಂತ್ರ 50 ವ್ಯಾಟಿನದು, ಕೇಬಲ್ಲಿನ ಉದ್ದ 40 ಮೀಟರ್ ಎಂದಾದರೆ, ಮೊದಲನೆಯದರಲ್ಲಿ ಆಂಟೆನಾ ತಲಪುವುದು ಹನ್ನೊಂದೋ ಹನ್ನೆರಡೋ ವ್ಯಾಟ್; ಎರಡನೆಯದರಲ್ಲಿ ಸುಮಾರು 27; ಮೂರನೆಯದರಲ್ಲಿ ಸುಮಾರು 41. ಕಡಿಮೆ ದರದ ಕೇಬಲ್ ಕೊಂಡ ಶಾಲೆಯು, ದುಬಾರಿ ಬೆಲೆಯ ಪ್ರೇಷಕ ಯಂತ್ರದ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಕಂಬದ ಉದ್ದಕ್ಕೂ ಬಿಸಿಲಿಗೆ ಒಣಹಾಕಿದಂತಾಯಿತು. ವ್ಯಾಪಾರಿಯು ಮೋಸ ಮಾಡಲಿಲ್ಲ. ಕೇಬಲ್ ಕೇಳಿದರು, ಕೇಬಲ್ ಕೊಟ್ಟ. ದಾನಿಯ ಹಣವೋ ಹೋಯಿತು.

ಆದುದರಿಂದ ತಾಂತ್ರಿಕ ವಿವರಣೆಯು ವಸ್ತುವಿನ ಹೆಸರಿನಿಂದಲ್ಲ, ಮಾಡಬೇಕಾದ ಕೆಲಸದಿಂದ ಆರಂಭವಾಗಬೇಕು. ಇದಕ್ಕೆ ಈ ನೆಲದಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದುದು ಸಿಮೆಂಟಿನಿಂದಲ್ಲ, ಸುರ್ಕಿ ಗಾರೆಯಿಂದ. ನೀರಿನೊಳಗೆ ಗಟ್ಟಿಯಾಗಿ ನಿಲ್ಲುವ ಗಾರೆ ಬೇಕೆಂಬುದು ಅಲ್ಲಿನ ಅಗತ್ಯ. ಅದನ್ನು ಪೂರೈಸುವ ವಸ್ತು ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣದಲ್ಲಿಯೇ ದೊರೆಯಿತು. ರೇಡಿಯೋ ಕೆಲಸದಲ್ಲಿಯೂ ಇದೇ ಕ್ರಮ. ಯಾರಿಗೆ ಕೇಳಿಸಬೇಕು, ಎಷ್ಟು ದೂರ, ನಡುವೆ ನೆಲ ಹೇಗಿದೆ ಎಂಬುದು ಮೊದಲು ನಿಶ್ಚಯವಾಗಬೇಕು.

ನಾಲ್ಕು ತಾಲ್ಲೂಕುಗಳ ನೆಲವೂ ಒಂದೇ ತೆರನಾಗಿಲ್ಲ. ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣ, ಅದರ ಸುತ್ತಣ ನಾಲೆಯ ಬಯಲು ಬಹುಮಟ್ಟಿಗೆ ಸಮತಟ್ಟು. ಪಾಂಡವಪುರದಲ್ಲಿ ಕುಂತಿಬೆಟ್ಟ, ಅದರಿಂದ ಉತ್ತರಕ್ಕೆ ಮೇಲುಕೋಟೆಯ ಬೆಟ್ಟಸಾಲು. ಹೇಮಾವತಿಯ ಕೃಷ್ಣರಾಜಪೇಟೆಯದು ಏರಿಳಿತದ ನೆಲ. ನಾಗಮಂಗಲದ್ದು ಮಳೆಯನ್ನು ನೆಚ್ಚಿದ ಎತ್ತರದ ಮೈದಾನ. ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿಯ ಹಾದಿಯಲ್ಲಿಯೇ ಚಲಿಸುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಸಮತಟ್ಟಾದ ನೆಲದ ಮೇಲೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ಸಮುದಾಯ ಬಾನುಲಿಗೆ ಅನುಮತಿಯಿರುವ 30 ಮೀಟರ್ ಎತ್ತರಕ್ಕೆ ಇದು ಸುಮಾರು ಇಪ್ಪತ್ತೆರಡೂವರೆ ಕಿಲೋಮೀಟರ್. ಇದು ಗಣಿತದ ಮಿತಿ. ಸಾಮಾನ್ಯವಾಗಿ ಅನುಮತಿ ದೊರೆಯುವ 100 ವ್ಯಾಟ್ ಪ್ರಸರಣ ಶಕ್ತಿಯಲ್ಲಿ ಸ್ಪಷ್ಟವಾಗಿ ಕೇಳಿಸುವ ದೂರ ಇದಕ್ಕಿಂತ ಕಡಿಮೆಯೇ. ಅಡ್ಡಲಾಗಿ ಬೆಟ್ಟ ಬಂದರೆ ಅದರ ಹಿಂಬದಿಯ ಹಳ್ಳಿಗಳಿಗೆ ತರಂಗದ ನೆರಳು ಬೀಳುತ್ತದೆ. ಒಂದು ಕಂಬದಿಂದ ನಾಲ್ಕು ತಾಲ್ಲೂಕುಗಳಿಗೂ ಕೇಳಿಸುವುದೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿ ವಂತಿಗೆ ಎತ್ತುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಕ್ಷೇಮ.

ಕೆಲಸ ಗೊತ್ತಾದ ಮೇಲೆ ಅಂಕಿಗಳನ್ನು ಬರೆಯುವ ಸರದಿ. ಮೊದಲನೆಯದು ಆವೃತ್ತಿ. 'ಎಫ್.ಎಂ.' ಎಂದಷ್ಟೇ ಬರೆದರೆ ಅದು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ವಿಶಾಲವಾದ ಪಟ್ಟಿ. ಮೈಸೂರು ಆಕಾಶವಾಣಿಯ ಎಫ್.ಎಂ. ಪ್ರಸಾರ 100.6 ಮೆಗಾಹರ್ಟ್ಸ್‌ನಲ್ಲಿ ನಡೆಯುವಂತೆ, ಶಾಲೆಯ ಕೇಂದ್ರಕ್ಕೂ ಸರ್ಕಾರದ ನಿಸ್ತಂತು ಯೋಜನಾ ವಿಭಾಗವು ಒಂದು ನಿರ್ದಿಷ್ಟ ಆವೃತ್ತಿಯನ್ನು ಗೊತ್ತುಪಡಿಸುತ್ತದೆ. ಆಂಟೆನಾ ಹಾಗೂ ಫಿಲ್ಟರ್‌ಗಳು ಆ ಆವೃತ್ತಿಗೆ ಹೊಂದಿಸಿರಬೇಕು. ಆವೃತ್ತಿ ಗೊತ್ತಾಗುವ ಮುನ್ನವೇ ಆತುರಪಟ್ಟು ಕೊಳ್ಳುವವರು ಒಂದೋ ಇಡೀ ಪಟ್ಟಿಗೆ ಒಗ್ಗುವ ಆಂಟೆನಾ ಕೇಳಬೇಕು, ಇಲ್ಲವೇ ಸ್ಥಳದಲ್ಲಿ ಹೊಂದಿಸಿಕೊಡುವ ಹೊಣೆಯನ್ನು ಪೂರೈಕೆದಾರನ ಮೇಲೆ ಬರಹದಲ್ಲಿಯೇ ಹೊರಿಸಬೇಕು.

ಎರಡನೆಯದು ಇಂಪಿಡೆನ್ಸ್, ಅಂದರೆ ತರಂಗಕ್ಕೆ ಕೇಬಲ್ ಒಡ್ಡುವ ವಿಶಿಷ್ಟ ರೋಧ. ಪ್ರಸಾರದ ಉಪಕರಣಗಳಲ್ಲಿ ಇದು 50 ಓಮ್. ಮನೆಯ ಟೆಲಿವಿಷನ್ ತಟ್ಟೆಗೆ ಎಳೆಯುವ ಕೇಬಲ್ಲಿನಲ್ಲಿ 75 ಓಮ್. ಪೇಟೆಯಲ್ಲಿ ಎಲ್ಲೆಡೆ ಸುಲಭವಾಗಿ ಸಿಕ್ಕುವುದು ಎರಡನೆಯದೇ. ಇವೆರಡನ್ನು ಒಂದಕ್ಕೊಂದು ಜೋಡಿಸಿದರೆ ಸುಮಾರು ನೂರಕ್ಕೆ ನಾಲ್ಕು ಪಾಲು ಶಕ್ತಿ ಮಾತ್ರ ಹಿಂದಿರುಗುತ್ತದೆ, ಅದೇನೂ ಮಹಾನಷ್ಟವಲ್ಲ ಎಂದು ವಾದಿಸಬಹುದು. ಆದರೆ ಎನ್ ಮಾದರಿಯ ಕನೆಕ್ಟರ್‌ಗಳಲ್ಲಿ 50 ಓಮಿನ ನಡುಮೊಳೆ 75 ಓಮಿನದಕ್ಕಿಂತ ದಪ್ಪ. ಹೊರನೋಟಕ್ಕೆ ಎರಡೂ ಒಂದೇ. ದಪ್ಪನೆಯದನ್ನು ಸಣ್ಣ ತೂತಿಗೆ ಒತ್ತಿ ತಿರುಗಿಸಿದರೆ ಒಳಗಿನ ಸ್ಪ್ರಿಂಗು ಬಾಯಿಬಿಟ್ಟುಕೊಳ್ಳುತ್ತದೆ. ಮುಂದೆ ಸರಿಯಾದ ಕನೆಕ್ಟರ್ ಹಾಕಿದರೂ ಸಂಪರ್ಕ ಸಡಿಲವಾಗಿಯೇ ಉಳಿಯುತ್ತದೆ. ಕನೆಕ್ಟರಿನ ಮಾದರಿ, ಅದರ ಓಮ್ ಅಂಕಿ, ಗಂಡೋ ಹೆಣ್ಣೋ ಎಂಬುದು, ಕೇಬಲ್ಲಿನ ಯಾವ ತುದಿಗೆ ಯಾವುದು ಎಂಬುದು ಇವಿಷ್ಟನ್ನೂ ಬರೆಯಬೇಕು. ಕೆಲವು ನೂರು ರೂಪಾಯಿಗಳ ಕನೆಕ್ಟರ್ ತಪ್ಪಾದುದರಿಂದ ಲಕ್ಷಾಂತರ ರೂಪಾಯಿಗಳ ಯಂತ್ರ ತಿಂಗಳುಗಟ್ಟಲೆ ಸುಮ್ಮನೆ ಕೂರಬಹುದು.

ಹಿಂದಿರುಗುವ ಶಕ್ತಿಯ ಪ್ರಮಾಣವನ್ನು ಸ್ಥಾಯೀ ತರಂಗ ಅನುಪಾತ ಎಂಬ ಅಂಕಿ ತಿಳಿಸುತ್ತದೆ. ಇದು 1.5 ಇದ್ದರೆ ನೂರಕ್ಕೆ 4 ಪಾಲು, 2 ಇದ್ದರೆ 11 ಪಾಲು, 3 ಇದ್ದರೆ 25 ಪಾಲು ಶಕ್ತಿ ಆಂಟೆನಾದಿಂದ ಯಂತ್ರದತ್ತ ಮರಳುತ್ತದೆ. 'ಉತ್ತಮ ಹೊಂದಾಣಿಕೆ ಇರಬೇಕು' ಎಂದು ಬರೆಯುವುದರಿಂದ ಪ್ರಯೋಜನವಿಲ್ಲ. 'ಗೊತ್ತುಪಡಿಸಿದ ಆವೃತ್ತಿಯಲ್ಲಿ 1.5ನ್ನು ಮೀರಕೂಡದು' ಎಂದು ಬರೆದರೆ ಅದನ್ನು ಅಳೆದು ನೋಡಬಹುದು. ಅಳೆಯಲಾಗದ ಯಾವ ವಿಶೇಷಣಕ್ಕೂ ತಾಂತ್ರಿಕ ವಿವರಣೆಯಲ್ಲಿ ಸ್ಥಾನವಿಲ್ಲ. ಪ್ರಬಂಧದಲ್ಲಿ ಒಪ್ಪುವ 'ಶ್ರೇಷ್ಠ', 'ಅತ್ಯಾಧುನಿಕ', 'ದೀರ್ಘಕಾಲ ಬಾಳುವ' ಮೊದಲಾದ ಪದಗಳು ಇಲ್ಲಿ ವ್ಯಾಪಾರಿಗೆ ತಪ್ಪಿಸಿಕೊಳ್ಳುವ ಕಿಂಡಿಗಳಾಗುತ್ತವೆ.

ಆಂಟೆನಾದ ಗಳಿಕೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಗಳಿಕೆಯೆಂದರೆ ಆಂಟೆನಾವು ಶಕ್ತಿಯನ್ನು ಹೊಸದಾಗಿ ಹುಟ್ಟಿಸುವುದಲ್ಲ. ಮೇಲಕ್ಕೂ ಕೆಳಕ್ಕೂ ಚೆಲ್ಲಿಹೋಗುವುದನ್ನು ದಿಗಂತದ ಕಡೆಗೆ ಒಗ್ಗೂಡಿಸುವುದು. ಇದನ್ನು ಡೈಪೋಲ್ ಎಂಬ ಸರಳ ಆಂಟೆನಾಕ್ಕೆ ಹೋಲಿಸಿ ಹೇಳುವವರುಂಟು. ಎಲ್ಲ ದಿಕ್ಕಿಗೂ ಸಮವಾಗಿ ಹರಡುವ ಒಂದು ಕಲ್ಪಿತ ಬಿಂದುವಿಗೆ ಹೋಲಿಸಿ ಹೇಳುವವರೂ ಉಂಟು. ಎರಡನೆಯ ರೀತಿಯಲ್ಲಿ ಅಂಕಿ 2.15 ಡೆಸಿಬೆಲ್ ಹೆಚ್ಚಾಗಿ ಕಾಣುತ್ತದೆ. ಒಬ್ಬ ವ್ಯಾಪಾರಿಯ '3 ಡೆಸಿಬೆಲ್' ಮತ್ತು ಇನ್ನೊಬ್ಬನ '5 ಡೆಸಿಬೆಲ್' ಹೆಚ್ಚುಕಡಿಮೆ ಒಂದೇ ಆಂಟೆನಾ ಆಗಿರಬಹುದು. ಯಾವ ಹೋಲಿಕೆಯಲ್ಲಿ ಹೇಳಬೇಕೆಂದು ಕೇಳುವವರೇ ಸೂಚಿಸಬೇಕು. ಇದು ಬರಿಯ ಶಾಸ್ತ್ರದ ಕಟ್ಟುನಿಟ್ಟಲ್ಲ. ಹಿಂದೆ ಹೇಳಿದ 41 ವ್ಯಾಟಿಗೆ ಡೈಪೋಲಿನ ಹೋಲಿಕೆಯಲ್ಲಿ 3 ಡೆಸಿಬೆಲ್ ಗಳಿಕೆ ಸೇರಿದರೆ ಪ್ರಸರಣ ಶಕ್ತಿ ಸುಮಾರು 82 ವ್ಯಾಟ್. 4 ಡೆಸಿಬೆಲ್ ಸೇರಿದರೆ 100 ವ್ಯಾಟಿನ ಮಿತಿಯನ್ನು ದಾಟಿ ಅನುಮತಿ ಪತ್ರದ ಉಲ್ಲಂಘನೆಯಾಗುತ್ತದೆ. ತರಂಗದ ಧ್ರುವೀಕರಣ ಲಂಬವೋ, ಅಡ್ಡವೋ, ವೃತ್ತಾಕಾರವೋ ಎಂಬುದನ್ನೂ ಇಲ್ಲಿಯೇ ನಮೂದಿಸಬೇಕು.

ಫಿಲ್ಟರ್ ಬಗ್ಗೆ ಶಾಲೆಗಳವರು ಅಷ್ಟಾಗಿ ಯೋಚಿಸುವುದಿಲ್ಲ. ಅದರಿಂದ ಶ್ರೋತೃಗಳಿಗೆ ನೇರವಾದ ಲಾಭ ಕಾಣದಿರುವುದೇ ಕಾರಣ. ಅದು ನೆರೆಹೊರೆಯವರ ಹಿತಕ್ಕಾಗಿ ಇಡುವ ಬೇಲಿ. ಎಫ್.ಎಂ. ಪಟ್ಟಿ ಮುಗಿಯುವ 108 ಮೆಗಾಹರ್ಟ್ಸ್‌ನಿಂದಲೇ ವಿಮಾನಗಳ ಪಟ್ಟಿ ಆರಂಭವಾಗುತ್ತದೆ. ಅಲ್ಲದೆ ಯಾವ ಪ್ರೇಷಕ ಯಂತ್ರವೂ ತನ್ನ ಆವೃತ್ತಿಯ ಇಮ್ಮಡಿ, ಮುಮ್ಮಡಿಗಳಲ್ಲಿ ತುಸು ಶಕ್ತಿಯನ್ನು ಚೆಲ್ಲುತ್ತದೆ. 'ಇಮ್ಮಡಿ ಮತ್ತು ಮೇಲಿನ ಆವೃತ್ತಿಗಳು ಮೂಲಕ್ಕಿಂತ 60 ಡೆಸಿಬೆಲ್ ಕೆಳಗಿರಬೇಕು' ಎಂದರೆ ಅವು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದೆಂದು ಅರ್ಥ; 50 ವ್ಯಾಟಿಗೆ ಅದು 50 ಮೈಕ್ರೋವ್ಯಾಟ್.

ಬೇಕಾದುದನ್ನು ಬಿಡುವುದು ಒಂದು ತಪ್ಪಾದರೆ, ಬೇಡವಾದುದನ್ನು ಕೇಳುವುದು ಇನ್ನೊಂದು. ವಿದೇಶೀ ಕಂಪನಿಯ ಕೈಪಿಡಿಯಿಂದ ಸಾಲುಗಳನ್ನು ಎತ್ತಿ ಬರೆಯುವವರು, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕೆಲಸ ಮಾಡಬೇಕೆಂಬ ನಿಬಂಧನೆಯನ್ನು ಮಂಡ್ಯ ಜಿಲ್ಲೆಯ ಶಾಲೆಯ ಮೇಲೆ ಹೇರುವುದುಂಟು. ಅಂತಹ ಪ್ರತಿಯೊಂದು ಸಾಲಿಗೂ ಬೆಲೆಯಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಮಠದ ಶಾಲೆಯಲ್ಲಿ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಖರೀದಿಯ ಕಡತ ಸಿದ್ಧಪಡಿಸುವ ಮೇಜಿನ ಮೇಲೆ ನೆನಪಾಗಬೇಕಾದ ಪ್ರಸಂಗವದು. ಚಳಿಯ ನಿಬಂಧನೆಗೆ ಬದಲಾಗಿ ಈ ಸೀಮೆಯ ನಿಜವಾದ ಶತ್ರುಗಳನ್ನು ಹೆಸರಿಸುವುದು ಮೇಲು: ವರ್ಷವಿಡೀ ಬಿಸಿಲು ಬೀಳುವ ಕೇಬಲ್ಲಿನ ಹೊದಿಕೆ ಸೀಳದಂತಿರಬೇಕು, ಮುಂಗಾರಿನ ನೀರು ಕನೆಕ್ಟರಿನೊಳಗೆ ಇಳಿಯದಂತೆ ಮುಚ್ಚಿಗೆಯ ಪಟ್ಟಿಯನ್ನು ಸೇರಿಸಿಯೇ ದರ ಹೇಳಬೇಕು, ನಾಗಮಂಗಲದಂತಹ ಬಯಲಿನ ಎತ್ತರದ ಕಂಬಕ್ಕೆ ಸಿಡಿಲು ನಿರೋಧಕವೂ ಭೂಸಂಪರ್ಕವೂ ಇರಬೇಕು, ಕಬ್ಬಿನ ಗದ್ದೆಗಳ ನಡುವಿನ ಕಟ್ಟಡದಲ್ಲಿ ಇಲಿಗಳ ಬಾಧೆಯಿಂದ ಕೇಬಲ್ಲನ್ನು ಕಾಪಾಡುವ ಕೊಳವೆ ಬೇಕು, ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲನೆಯಾದಾಗ ಕುಸಿಯುವ ವೋಲ್ಟೇಜನ್ನು ಯಂತ್ರ ತಾಳಿಕೊಳ್ಳಬೇಕು. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಎಂಬುದನ್ನು ಶಾಲೆಯ ವಿಜ್ಞಾನ ಶಿಕ್ಷಕರು ಒಂದು ವಾರ ಮೀಟರಿಟ್ಟು ಬರೆದುಕೊಂಡರೆ ಆ ಅಂಕಿಗೆ ಯಾವ ಕೈಪಿಡಿಯೂ ಸಾಟಿಯಾಗದು.

ಒಂದೇ ಬಗೆಯ ವಸ್ತು ಹಲವಾರು ಬೇಕಾದಾಗ, ಅವು ತಮ್ಮತಮ್ಮಲ್ಲಿ ಸಮನಾಗಿರಬೇಕಾದುದು ಇನ್ನೊಂದು ಅಂಶ. ಇದಕ್ಕೆ ಕರ್ನಾಟಕದಲ್ಲಿಯೇ ಅತ್ಯುತ್ತಮ ನಿದರ್ಶನ ಗೌರಿಬಿದನೂರಿನ ರೇಡಿಯೋ ದೂರದರ್ಶಕ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಹಾಗೂ ರಾಮನ್ ಸಂಶೋಧನ ಸಂಸ್ಥೆಗಳು ಕೂಡಿ 1976ರಲ್ಲಿ ಸ್ಥಾಪಿಸಿದ ಈ ದೂರದರ್ಶಕವು 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಆಕಾಶವನ್ನು ಆಲಿಸಿತು. ಆಂಗ್ಲ 'ಟಿ' ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್‌ಗಳು. ಪೂರ್ವ-ಪಶ್ಚಿಮದ ತೋಳಿನಲ್ಲಿ 640, ದಕ್ಷಿಣದ ತೋಳಿನಲ್ಲಿ 360. ಸಾವಿರ ಕಿವಿಗಳೂ ಒಂದೇ ಲಯದಲ್ಲಿ ಕೇಳಿದರೆ ಮಾತ್ರ ಒಂದು ದಿಕ್ಕಿನ ಕ್ಷೀಣ ಧ್ವನಿ ಬೇರ್ಪಡುತ್ತದೆ. ಆ ಆವೃತ್ತಿಯ ತರಂಗಾಂತರ ಆಕಾಶದಲ್ಲಿ ಸುಮಾರು 8.7 ಮೀಟರ್, ತರಂಗವು ಬೆಳಕಿನ ಮೂರನೆಯ ಎರಡು ಪಾಲು ವೇಗದಲ್ಲಿ ಸಾಗುವ ಸಾಧಾರಣ ಕೇಬಲ್ಲಿನೊಳಗೆ ಸುಮಾರು 5.8 ಮೀಟರ್. ಅಂತಹ ಕೇಬಲ್ಲಿನಲ್ಲಿ ಒಂದು ಮೀಟರ್ ವ್ಯತ್ಯಾಸವಾದರೆ ಲಯದಲ್ಲಿ 62 ಡಿಗ್ರಿಗಳಷ್ಟು ತಪ್ಪು ನುಸುಳುತ್ತದೆ. 'ಪ್ರತಿಯೊಂದೂ 10 ಮೀಟರ್' ಎಂದು ಬರೆಯುವುದಕ್ಕೂ 'ಪ್ರತಿಯೊಂದೂ 10 ಮೀಟರ್, ಪರಸ್ಪರ ವ್ಯತ್ಯಾಸ ಇಷ್ಟು ಸೆಂಟಿಮೀಟರಿಗಿಂತ ಹೆಚ್ಚಿರಕೂಡದು' ಎಂದು ಬರೆಯುವುದಕ್ಕೂ ಇರುವ ಅಂತರ ಇದು. ಶಾಲೆಯ ಕಂಬದ ಮೇಲೆ ಎರಡೇ ಡೈಪೋಲ್‌ಗಳಿದ್ದರೂ ಅವುಗಳಿಗೆ ಶಕ್ತಿ ಹಂಚುವ ಎರಡು ಕೇಬಲ್ ತುಂಡುಗಳಿಗೆ ಇದೇ ನಿಯಮ ಅನ್ವಯಿಸುತ್ತದೆ.

ವಿವರಣೆಯಲ್ಲಿ ಕಂಪನಿಯ ಹೆಸರನ್ನು ಬರೆಯಬಹುದೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಸರ್ಕಾರಿ ಖರೀದಿಗಳಲ್ಲಿ ಪಾರದರ್ಶಕತೆಗಾಗಿ 1999ರಲ್ಲಿ ಕರ್ನಾಟಕವು ಕಾನೂನನ್ನೇ ಮಾಡಿದೆ. ಆ ಕಾನೂನು ತನಗೆ ಅನ್ವಯಿಸಲಿ ಬಿಡಲಿ, ದಾನದ ಹಣವನ್ನು ವೆಚ್ಚಮಾಡುವ ಸಂಸ್ಥೆಯು ಅದರ ಆಶಯವನ್ನು ಪಾಲಿಸುವುದು ಯುಕ್ತ. ಒಂದೇ ಕಂಪನಿಯ ವಸ್ತುವಿಗೆ ಮಾತ್ರ ಹೊಂದುವಂತೆ ಅಂಕಿಗಳನ್ನು ಹೆಣೆದು, ಬಳಿಕ ಸ್ಪರ್ಧೆ ನಡೆಯಿತೆಂದು ಹೇಳಿಕೊಳ್ಳುವುದು ಆತ್ಮವಂಚನೆ. ಆದರೆ ಈಗಾಗಲೇ ಕೈಯಲ್ಲಿರುವ ಯಂತ್ರಕ್ಕೆ ಜೋಡಿಸಬೇಕಾದ ಭಾಗವಾದರೆ, ಆ ಯಂತ್ರದ ಹೆಸರನ್ನೂ ಮಾದರಿಯನ್ನೂ ಬರೆಯದಿರುವುದು ಮೂರ್ಖತನ. ಮಾದರಿಯ ಹೆಸರನ್ನು ಉದಾಹರಣೆಗೆಂದು ಕೊಟ್ಟರೆ, 'ಅಥವಾ ಕೆಳಕಂಡ ಅಂಕಿಗಳಲ್ಲಿ ಅದಕ್ಕೆ ಸಮಾನವಾದುದು' ಎಂದು ಸೇರಿಸಿ ಆ ಅಂಕಿಗಳನ್ನು ಕೊಡಬೇಕು.

ಇಷ್ಟನ್ನು ಎರಡು ಹಾಳೆಗಳಲ್ಲಿ ಬರೆದು, ಯಂತ್ರದಿಂದ ಆಂಟೆನಾವರೆಗಿನ ಸರಣಿಯನ್ನು ತೋರಿಸುವ ಸರಳವಾದ ರೇಖಾಚಿತ್ರವೊಂದನ್ನು ಲಗತ್ತಿಸಿ, ಎಲ್ಲ ವ್ಯಾಪಾರಿಗಳಿಗೂ ಒಂದೇ ದಿನ ಒಂದೇ ಪ್ರತಿಯನ್ನು ಕಳುಹಿಸಬೇಕು. ಪ್ರತಿಯೊಂದು ಅಂಕಿಯ ಎದುರಿಗೂ ಖಾಲಿ ಅಂಕಣ ಬಿಟ್ಟಿದ್ದು, ತಾನು ಕೊಡುವ ವಸ್ತುವಿನ ಅಂಕಿಯನ್ನು ವ್ಯಾಪಾರಿಯೇ ಅಲ್ಲಿ ತುಂಬುವಂತಿರಬೇಕು. 'ಒಪ್ಪಿದೆ' ಎಂಬ ಒಂದು ಮಾತು ಸಾಲದು. ತೆರಿಗೆ, ಸಾಗಣೆ, ಕನೆಕ್ಟರ್ ಕೂಡಿಸುವ ಕೂಲಿ, ಕಂಬಕ್ಕೆ ಏರಿಸುವ ವೆಚ್ಚ, ಖಾತರಿಯ ಅವಧಿ, ದರ ಎಷ್ಟು ದಿನ ಊರ್ಜಿತವೆಂಬುದು ಇವುಗಳಿಗೆ ಬೇರೆ ಬೇರೆ ಸಾಲುಗಳಿರಲಿ. ಒಬ್ಬ ವ್ಯಾಪಾರಿ ಸಂದೇಹ ಕೇಳಿ ಬರೆದರೆ ಉತ್ತರವು ಎಲ್ಲರಿಗೂ ಹೋಗಬೇಕು. ಅನೇಕ ವೇಳೆ ಪ್ರಾಮಾಣಿಕ ವ್ಯಾಪಾರಿಯ ಪ್ರಶ್ನೆಯಿಂದಲೇ ಬರಹದ ದೋಷ ಬೆಳಕಿಗೆ ಬರುತ್ತದೆ; ಆಗ ನಾಚಿಕೆಪಡದೆ ತಿದ್ದುಪಡಿ ಕಳುಹಿಸುವುದೇ ಸರಿ.

ವಸ್ತು ಬಂದ ದಿನ ಯಾರು, ಯಾವ ಉಪಕರಣದಿಂದ, ಎಲ್ಲಿ ಅಳೆದು ಒಪ್ಪಿಕೊಳ್ಳುವರೆಂಬುದೂ ದರ ಕೇಳುವ ಕಾಗದದಲ್ಲಿಯೇ ಇರತಕ್ಕದ್ದು. ಶಾಲೆಯಲ್ಲಿ ಅಳೆಯುವ ಉಪಕರಣಗಳಿರುವುದಿಲ್ಲ. ಆದರೆ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜೂ, 1963ರಲ್ಲಿ ಮೈಸೂರಿನಲ್ಲಿ ಸುತ್ತೂರು ಮಠದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜೂ ಆರಂಭವಾದ ಬಳಿಕ, ಇಂತಹ ಪ್ರಯೋಗಶಾಲೆಗಳಿಗಾಗಿ ಬೆಂಗಳೂರಿನತ್ತ ನೋಡಬೇಕಾದ ಕಾಲ ಕಳೆದಿದೆ. ಅಂತಹ ಕಾಲೇಜುಗಳಲ್ಲಿ ಓದಿ ಎಂಜಿನಿಯರುಗಳಾದ ಹಳೆಯ ವಿದ್ಯಾರ್ಥಿಗಳು ಒಬ್ಬಿಬ್ಬರಾದರೂ ಪ್ರತಿಯೊಂದು ಶಾಲೆಗೂ ಇರುತ್ತಾರೆ. ಅವರಿಂದ ಹಣದ ರೂಪದ ದಾನವನ್ನು ಕೇಳುವುದಕ್ಕಿಂತ ಇಂತಹ ಒಂದು ದಿನದ ಕಾಯಕವನ್ನು ಕೇಳುವುದು ಸಂಸ್ಥೆಗೆ ಹೆಚ್ಚು ಉಪಕಾರಿ.

ಅಳತೆಯ ದಿನ ಕೇಬಲ್ಲಿನ ನಷ್ಟ, ಆಂಟೆನಾದ ಸ್ಥಾಯೀ ತರಂಗ ಅನುಪಾತ, ಫಿಲ್ಟರಿನ ತಡೆ ಇವುಗಳನ್ನು ಕೇಳಿದ ಅಂಕಿ, ವ್ಯಾಪಾರಿ ಹೇಳಿದ ಅಂಕಿ, ಅಳೆದ ಅಂಕಿ ಎಂದು ಮೂರು ಅಂಕಣಗಳಲ್ಲಿ ಬರೆದು, ಅಳೆದವರ ಸಹಿ ಹಾಗೂ ದಿನಾಂಕದೊಡನೆ ದಾಸ್ತಾನು ಪುಸ್ತಕಕ್ಕೆ ಅಂಟಿಸಬೇಕು. ಐದಾರು ಮಳೆಗಾಲ ಕಳೆದು ಪ್ರಸಾರ ಕ್ಷೀಣವಾದಾಗ ಮತ್ತೆ ಅದೇ ಕೇಬಲ್ಲನ್ನು ಅಳೆದರೆ, ನೀರು ಇಳಿದುದು ಕೇಬಲ್ಲಿಗೋ, ಕೆಟ್ಟಿರುವುದು ಯಂತ್ರವೋ ಎಂಬುದು ಆ ಹಾಳೆಯನ್ನು ನೋಡಿದವರಿಗೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.